ಎಲ್ವಿರಾ ಬಚ್ಚಿಟ್ಟ ಹಾಲಿನ ಪುಸ್ತಕ

ಎಲ್ವಿರಾ ಸೊಲೋರ್ಸಾನೊ ಟೆಕ್ಸಸ್ಸಿನ ಕಿಲ್ಲೀನ್ ಊರಿಗೆ ಬಂದು ಇಪ್ಪತ್ತೈದನೆಯ ವರ್ಷ ನಡೆಯುತ್ತಿತ್ತು. ಆದರೆ ಕಾಗದಪತ್ರಗಳನ್ನು ಕೇಳಿದರೆ ಅಂಥ ಹೆಂಗಸು ಹುಟ್ಟೇ ಇಲ್ಲ ಎನ್ನುತ್ತಿದ್ದವು. ಬಾಡಿಗೆ ಕರಾರು ಅಣ್ಣನ ಹೆಸರಿನಲ್ಲಿ, ಕರೆಂಟ್ ಬಿಲ್ಲು ಪಕ್ಕದ ಮನೆಯ ಚೇಲೊ ಹೆಸರಿನಲ್ಲಿ, ಫೋನು ಮಗಳ ಹೆಸರಿನಲ್ಲಿ. ಅಂಗಡಿಯಲ್ಲಿ ಕೊಟ್ಟ ರಸೀದಿಯನ್ನು ಕೂಡ ಬಾಗಿಲು ದಾಟುವ ಮೊದಲೇ ಚೂರುಚೂರು ಮಾಡಿ ಬುಟ್ಟಿಗೆ ಹಾಕುವಳು. ಅದರಲ್ಲಿ ನಿನ್ನ ಹೆಸರೇ ಇಲ್ಲವಲ್ಲ ಎಂದು ಮಗಳು ನಕ್ಕರೆ, "ಇವತ್ತಿಲ್ಲ, ನಾಳೆ ಹಾಕ್ತಾರೆ" ಎನ್ನುವಳು. ಕಾಗದವಿಲ್ಲದೆ ಗಡಿ ಕದ್ದು ದಾಟಿ ಬಂದವಳು ಎಂಬ ಅಳುಕು ಅಷ್ಟು ಆಳವಾಗಿ ಬೇರುಬಿಟ್ಟಿತ್ತು.

ಅದು ದಂಡಿನ ಊರು. ಇವತ್ತು ಇದ್ದ ಸಿಪಾಯಿ ಸಂಸಾರಕ್ಕೆ ನಾಳೆ ವರ್ಗ. ಬಿಟ್ಟುಹೋಗುವ ಮನೆಯನ್ನು ತಪಾಸಣೆಯವನಿಗೆ ಕನ್ನಡಿಯಂತೆ ಮಾಡಿ ಒಪ್ಪಿಸಬೇಕು, ಇಲ್ಲದಿದ್ದರೆ ದಂಡ. ಎಲ್ವಿರಾಳ ಹೊಟ್ಟೆ ತುಂಬುತ್ತಿದ್ದುದು ಅಂಥ ಮನೆಗಳನ್ನು ತೊಳೆದು ಒರೆಸುವ ಕೂಲಿಯಿಂದ. ಫ್ಯಾನಿನ ರೆಕ್ಕೆಯ ಮೇಲುಭಾಗ, ಒಲೆಯ ಹಿಂಬದಿಯ ಜಿಡ್ಡು, ಮಕ್ಕಳು ಗೋಡೆಗೆ ಬಳಿದ ಬಣ್ಣ, ಎಲ್ಲವೂ ಮಾಯ. ಮೊಳೆ ಹೊಡೆದ ತೂತಿಗೆ ಟೂತ್‌ಪೇಸ್ಟ್ ತುಂಬಿ ಬೆರಳಿನಿಂದ ಸವರಿದಳೆಂದರೆ ಎಂಥ ಸಾಹೇಬನೂ ಅಲ್ಲಿ ಮೊಳೆಯಿತ್ತು ಎಂದು ಹೇಳಲಾರ. ಬೇರೆಯವರ ಗುರುತು ಅಳಿಸುತ್ತ ಅಳಿಸುತ್ತ ತನ್ನದನ್ನೂ ಅಳಿಸಿಕೊಂಡಿದ್ದಳು, ಪಾಪ.

ಮಗಳು ಯಾರೆಲಿ ಅಲ್ಲೇ ಹುಟ್ಟಿದವಳು, ಹುಟ್ಟಿನಿಂದಲೇ ಆ ದೇಶದ ಪ್ರಜೆ. ಹತ್ತೊಂಬತ್ತಕ್ಕೆ ಸೈನ್ಯ ಸೇರಿ ಇಪ್ಪತ್ನಾಲ್ಕಕ್ಕೆ ಸಾರ್ಜೆಂಟ್ ಆದಳು. ಅವಳಿಗೊಂದು ಒಂಬತ್ತು ತಿಂಗಳ ಹೆಣ್ಣುಮಗು, ಇತ್ಸೆಲ್. ಮಗುವಿನ ಅಪ್ಪ ಬೇರೆ ದಂಡಿಗೆ ವರ್ಗವಾದವನು ಮದುವೆಯನ್ನು ಇಲ್ಲೇ ಬಿಟ್ಟುಹೋದ. ಅದರ ಬಗ್ಗೆ ಮಾತು ಬೇಡ.

ಹೀಗಿರುವಾಗ ಯಾರೆಲಿಯ ತುಕಡಿಗೆ ಪೋಲೆಂಡಿಗೆ ಹೊರಡಲು ಆಜ್ಞೆ ಬಂತು. ಇನ್ನು ಆರು ತಿಂಗಳಿಗೆ ಪಯಣ, ಅಲ್ಲಿ ಒಂಬತ್ತು ತಿಂಗಳ ವಾಸ. ಒಂಟಿ ತಾಯಿ ಹಾಗೆ ಹೊರಡಬೇಕಾದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಕ್ಯಾಪ್ಟನ್ ಎದುರು ಬರೆದುಕೊಡಬೇಕು. ಆ ವ್ಯಕ್ತಿ ದಂಡಿನ ಗೇಟು ದಾಟಿ ಮಗುವನ್ನು ಆಸ್ಪತ್ರೆಗೆ ಒಯ್ಯುವಂತಿರಬೇಕು. ಅದಾಗದಿದ್ದರೆ ಸೈನ್ಯ ಅವಳನ್ನೇ ಕೆಲಸದಿಂದ ಬಿಡಿಸಿ ಮನೆಗೆ ಕಳುಹಿಸುತ್ತದೆ.

"ನಿನ್ನ ಹೆಸರೇ ಬರೀಬೇಕಮ್ಮ. ಇನ್ಯಾರಿದಾರೆ ನಂಗೆ?"

"ಚೇಲೊ ಹೆಸರು ಬರಿ. ಕರೆಂಟ್ ಬಿಲ್ಲೂ ಅವಳ ಹೆಸರಲ್ಲೇ ಇದೆಯಲ್ಲ."

"ಮಗು ಕರೆಂಟ್ ಬಿಲ್ಲಲ್ಲಮ್ಮ."

ಎಲ್ವಿರಾಳ ಚಿಂತೆಯೇ ಬೇರೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ಏನು ತೋರಿಸುವುದು, ಟೂತ್‌ಪೇಸ್ಟೇ?

ಒಂದು ದಾರಿಯಿತ್ತು. ಸೈನಿಕರ ತಂದೆತಾಯಿ ಹೀಗೆ ಕದ್ದು ಬಂದವರಾದರೂ ಇಲ್ಲೇ ಇರಲು ಅನುಮತಿ ಕೇಳಬಹುದು, ಆಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಯಾರೆಲಿ ಅಮ್ಮನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಚರ್ಚಿನ ಹಜಾರಕ್ಕೆ ಹೋದಳು. ಅಲ್ಲಿ ಪ್ರತಿ ಮಂಗಳವಾರ ಸೂನ್-ಜಾ ಹ್ಯಾಡ್ಲಿ ಎಂಬ ಮುದುಕಿ ಪುಕ್ಕಟೆಯಾಗಿ ಅರ್ಜಿ ಬರೆದುಕೊಡುತ್ತಿದ್ದಳು. ಆಕೆಯೂ ನಲವತ್ತೈದು ವರ್ಷದ ಹಿಂದೆ ಕೊರಿಯಾದಿಂದ ಸಿಪಾಯಿಯ ಕೈಹಿಡಿದು ಬಂದವಳು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬೇಕಾದ ಪರವಾನಗಿ ಪಡೆದು, ಊರಿನ ಹೆಂಗಸರ ಸಲುವಾಗಿ ಸ್ಪ್ಯಾನಿಷನ್ನೂ ಕಲಿತಿದ್ದಳು. ಬಾಯಿ ಮಾತ್ರ ಒರಟು.

"ಒಂದ್ಸಲ ಬಂದ್ಮೇಲೆ ಗಡಿಯಾಚೆ ಹೋಗಿ ಮತ್ತೆ ಬಂದಿದ್ರಾ ಎಲ್ವಿರಾ? ನಿಜ ಹೇಳಿ. ಹೋಗಿ ಬಂದಿದ್ರೆ ಬಾಗಿಲು ಮುಚ್ತು ಅಂತಲೇ ಲೆಕ್ಕ."

"ಇಲ್ಲ ಮೇಡಂ. ನಮ್ಮಮ್ಮ ಸತ್ತಾಗಲೂ ಹೋಗ್ಲಿಲ್ಲ. ಮಣ್ಣು ಮಾಡೋದನ್ನ ಫೋನಲ್ಲಿ ಕೇಳಿಸ್ಕೊಂಡೆ."

ಹ್ಯಾಡ್ಲಿ ಪೆನ್ನು ಕೆಳಗಿಟ್ಟಳು. "ನಾನು ನಂಬ್ತೀನಿ. ಆದ್ರೆ ನಾನು ನಂಬಿದ್ರೆ ಸಾಲ್ದು. ಅಷ್ಟೂ ವರ್ಷ ಇಲ್ಲೇ ಇದ್ರಿ ಅನ್ನೋಕೆ ವರ್ಷಕ್ಕೊಂದಾದ್ರೂ ಕಾಗದ ಬೇಕು, ನಿಮ್ಮ ಹೆಸರಿರೋದು."

ಮಗಳು ಶಾಲೆ ಸೇರಿದಾಗಿನಿಂದ ಕಷ್ಟವಾಗಲಿಲ್ಲ, ತಾಯಿಯ ಸಹಿಯಿದ್ದ ಶಾಲೆಯ ದಾಖಲೆಗಳು ಸಿಕ್ಕವು. ಅದಕ್ಕೂ ಹಿಂದಿನ ಐದು ವರ್ಷ ಮಾತ್ರ ಬರಿದು. ಯಾರೆಲಿ ಮನೆಯನ್ನೆಲ್ಲ ಜಾಲಾಡಿದಳು. ಎಲ್ವಿರಾ ಗೋಡೆಗೊರಗಿ ನಿಂತು ನೋಡಿದಳು. ಕಾಗದವೊಂದು ಇತ್ತು. ಕೆಟ್ಟುಹೋದ ವ್ಯಾಕ್ಯೂಮ್ ಕ್ಲೀನರಿನ ಧೂಳಿನ ಚೀಲದೊಳಗೆ ಅದನ್ನು ಅವಿಸಿಟ್ಟವಳು ಅವಳೇ.

ಅದು ವಿಕ್ ಪುಸ್ತಕ. ಬಾಣಂತಿಗೂ ಕೂಸಿಗೂ ಹಾಲು, ಮೊಟ್ಟೆ, ಧಾನ್ಯಕ್ಕೆ ಸರ್ಕಾರ ಚೀಟಿ ಕೊಡುವಾಗ ಗುರುತು ಹಾಕುತ್ತಿದ್ದ ಪುಸ್ತಕ. ಯಾರೆಲಿ ಹುಟ್ಟಿದಾಗ ಎದೆಹಾಲು ಸಾಲದೆ, ಬೇರೆ ದಾರಿ ಕಾಣದೆ ಹೋಗಿ ಸಾಲಿನಲ್ಲಿ ನಿಂತಿದ್ದಳು. ಸರ್ಕಾರದ ಹಾಲು ಕುಡಿಸಿದವರನ್ನು ಸರ್ಕಾರದ ಹೊರೆ ಎಂದು ಬರೆದುಕೊಳ್ಳುತ್ತಾರೆ, ಅಂಥವರಿಗೆ ಜನ್ಮದಲ್ಲಿ ಕಾಗದ ಸಿಗುವುದಿಲ್ಲ ಎಂದು ಯಾರೋ ಕಿವಿಯೂದಿದರು. ಅಂದಿನಿಂದ ಅವಳ ಪಾಲಿಗೆ ಅದು ಕಳವಿನ ಸಾಕ್ಷಿ. ಹರಿದುಹಾಕಬೇಕಿತ್ತು. ಆದರೆ ಪ್ರತಿ ಪುಟದಲ್ಲಿ ಮಗಳ ತೂಕ ಬರೆದಿತ್ತು, ಏಳು ಪೌಂಡಿನಿಂದ ಮೂವತ್ತೆಂಟರವರೆಗೆ. ಹರಿಯಲು ಕೈ ಬರಲಿಲ್ಲ.

ಈಚೆಗೆ ಯಾರೆಲಿ ಇತ್ಸೆಲ್‌ಗೂ ಅದೇ ಸೌಲಭ್ಯ ಪಡೆದಾಗ ಮನೆ ರಣರಂಗವಾಗಿತ್ತು. ನಮ್ಮ ತುಕಡಿಯಲ್ಲಿ ಅರ್ಧ ಜನ ತಗೊಳ್ತಾರಮ್ಮ ಎಂದರೂ ಎಲ್ವಿರಾ ಆ ಮೊಟ್ಟೆ ಮುಟ್ಟಲಿಲ್ಲ. ಹಟ ಎಂದುಕೊಂಡಳು ಮಗಳು. ಹೆದರಿಕೆಯೆಂದು ಹೇಗೆ ತಿಳಿದೀತು?

ಕೊನೆಗೊಂದು ಮಂಗಳವಾರ ಎಲ್ವಿರಾ ಒಬ್ಬಳೇ ಹ್ಯಾಡ್ಲಿಯ ಬಳಿ ಹೋದಳು. ಅರ್ಜಿ ಹೇಗೂ ಬಿದ್ದುಹೋಗುತ್ತದೆ, ಸರ್ಕಾರ ಅಗೆದು ತೆಗೆಯುವ ಮೊದಲು ತಾನೇ ಒಪ್ಪಿಕೊಂಡರೆ ಮಗಳ ಮಾನವಾದರೂ ಉಳಿದೀತು ಎಂಬುದು ಅವಳ ಎಣಿಕೆ. ಪುಸ್ತಕವನ್ನು ಮೇಜಿನ ಮೇಲಿಟ್ಟು ಕಣ್ಣು ಕೆಳಗೆ ಹಾಕಿದಳು.

"ಇದನ್ನ ನೋಡಿ, ಆಮೇಲೆ ನನ್ನ ಅರ್ಜಿ ಹರಿದುಬಿಡಿ ಮೇಡಂ. ಮಗಳಿಗೆ ಏನೂ ಗೊತ್ತಿಲ್ಲ. ಅವಳ ಹೆಸರಿಗೆ ಮಸಿ ಹತ್ತದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು."

ಹ್ಯಾಡ್ಲಿ ಪುಟ ತಿರುಗಿಸಿದಳು. ಎರಡು ಮೂರು ತಿಂಗಳಿಗೊಮ್ಮೆ ಕ್ಲಿನಿಕ್ಕಿನ ಮುದ್ರೆ, ತಾರೀಖು, ಕೂಸಿನ ತೂಕ, ಕೆಳಗೆ ತಾಯಿಯ ಸಹಿ. ಐದು ವರ್ಷದಲ್ಲಿ ಒಂದು ವರ್ಷವೂ ಖಾಲಿಯಿಲ್ಲ. ಆಕೆ ಕನ್ನಡಕ ತೆಗೆದಳು.

"ಇದನ್ನ ಇಟ್ಕೊಂಡು ವಾರಗಟ್ಟಲೆ ನನ್ನ ತಲೆ ತಿಂದ್ರಾ? ಐದು ವರ್ಷಕ್ಕೂ ಇದೊಂದೇ ಸಾಕಲ್ರೀ."

"ಆದ್ರೆ ಅದು... ಸರ್ಕಾರದ ಹಾಲು."

"ಮಗು ಕುಡಿದ ಹಾಲನ್ನ ಯಾವನೂ ಹೊರೆ ಅಂತ ಬರ್ಕೊಳ್ಳಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ. ಯಾರು ಹೇಳಿದ್ದು ನಿಮಗೆ?"

"ಚೇಲೊ."

"ಚೇಲೊ ವಕೀಲರಾ?"

"ಅಲ್ಲ. ಕೂದಲು ಕತ್ತರಿಸ್ತಾಳೆ."

ಹ್ಯಾಡ್ಲಿಗೆ ನಗು ತಡೆಯಲಾಗಲಿಲ್ಲ. ಎಲ್ವಿರಾ ನಗಲಿಲ್ಲ. ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ನಾಲ್ಕು ವರ್ಷ ಯಾವ ತಪ್ಪಿಗೆ ತಲೆ ತಗ್ಗಿಸಿ ನಡೆದೆ ಎಂಬ ಸಿಟ್ಟು. ಆಮೇಲೆ ಹಜಾರದ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಮನಸಾರೆ ಅತ್ತಳು. ಕೊರಿಯಾದ ಮುದುಕಿ ಬೆನ್ನು ಸವರುತ್ತ, ತಾನು ಬಂದ ಹೊಸದರಲ್ಲಿ ಅಂಚೆಯವನನ್ನು ಕಂಡರೂ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದೆ ಎಂದಳು. ಆ ಸಂಜೆ ಎಲ್ವಿರಾ ಆರು ಮೊಟ್ಟೆಯೊಡೆದು ಮೆಣಸಿನಕಾಯಿ ಹಾಕಿ ಹುರಿದಳು, ಮಗಳಿಗೆ ಬಡಿಸಿ ತಾನೂ ತಿಂದಳು.

ಅನುಮತಿ ಪತ್ರ ಬಂದಾಗ ಯಾರೆಲಿ ಹೊರಡಲು ಹನ್ನೊಂದು ದಿನ ಉಳಿದಿತ್ತು. ಸದ್ಯಕ್ಕೆ ಒಂದು ವರ್ಷದ್ದು, ಕಾಯಂ ವಾಸದ ಅರ್ಜಿ ಇನ್ನು ಮುಂದಿನದು. ಆದರೂ ಮರುದಿನವೇ ಗೇಟಿನ ಪಾಸು ಸಿಕ್ಕಿತು. ತಾಯಿ ಮಗಳು ಕೂಸನ್ನೆತ್ತಿಕೊಂಡು ಕ್ಯಾಪ್ಟನ್ ಕಚೇರಿಗೆ ಹೋದರು. ಕ್ಯಾಪ್ಟನ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ನಮೂನೆಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ಗಂಭೀರವಾಗಿ ಓದಿದ.

"ಒಂಬತ್ತು ತಿಂಗಳು ಈ ಮಗೂನ ಒಬ್ಬರೇ ನೋಡ್ಕೊಳ್ಳೋಕೆ ಆಗುತ್ತಾ ಮೇಡಂ? ಅನುಭವ ಇದೆಯಾ?"

ಎಲ್ವಿರಾ ಮನೆ ಒರೆಸುತ್ತಲೇ ಕಲಿತ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. "ಅಲ್ಲಿ ನೆಟ್ಟಗೆ ನಿಂತಿದಾಳಲ್ಲ ನಿಮ್ಮ ಸಾರ್ಜೆಂಟ್, ಅವಳನ್ನ ಒಬ್ಬಳೇ ಬೆಳೆಸಿದೋಳು ನಾನು. ತಕರಾರಿದ್ರೆ ಈಗ್ಲೇ ಹೇಳಿ."

ಯಾರೆಲಿ ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದಳು, ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಏನೂ ಇಲ್ಲ ಮೇಡಂ" ಎಂದು ಕ್ಯಾಪ್ಟನ್ ಪೆನ್ನು ಮುಂದಿಟ್ಟ.

ಎಲ್ವಿರಾ ಕೂಸನ್ನು ಎಡಗೈಗೆ ಬದಲಿಸಿಕೊಂಡು, ಅವಸರ ಮಾಡದೆ, ಅಪ್ಪನ ಮನೆತನ ಅಮ್ಮನ ಮನೆತನ ಎರಡರ ಹೆಸರನ್ನೂ ಸೇರಿಸಿ ಎಲ್ವಿರಾ ಸೊಲೋರ್ಸಾನೊ ತೋವಾರ್ ಎಂದು ಬರೆದಳು. ಕೊಟ್ಟ ಜಾಗ ಸಾಲದೆ ಹೆಸರು ಕಾಗದದ ಅಂಚಿನವರೆಗೂ ಹೋಯಿತು.