ಕತ್ತರಿಯಣ್ಣ ಇಟ್ಟ ಹೂವು

ವಾರಪತ್ರಿಕೆಯ ಕಚೇರಿಯಲ್ಲಿ ಪುಟ ಕಟ್ಟುವವನನ್ನು ಎಲ್ಲರೂ ಕತ್ತರಿಯಣ್ಣ ಎನ್ನುತ್ತಿದ್ದರು. ಹೆಸರು ಅವನೇ ಸಂಪಾದಿಸಿದ್ದು. ಕಥೆಗಳ ಕೊನೆಯ ಸಾಲನ್ನು ಹಾರಿಸುವುದರಲ್ಲಿ ಅವನದು ಎತ್ತಿದ ಕೈ. ಹೊರಟೆವು ಎಂದು ಎದ್ದ ನೆಂಟರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಇನ್ನರ್ಧ ಗಂಟೆ ಹರಟುತ್ತಾರಲ್ಲ, ಕೊನೆಯ ಸಾಲು ಅಂಥದ್ದು ಎಂಬುದು ಅವನ ಸಿದ್ಧಾಂತ. ಹತ್ತರಲ್ಲಿ ಎಂಟು ಸಲ ಅದು ನಿಜವೂ ಆಗಿರುತ್ತಿತ್ತು. ಸಂಪಾದಕಿ ಅವನ ಕತ್ತರಿಯ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದರು. ಕತ್ತರಿಸಿದ ಮೇಲೆ ಜಾಗ ಉಳಿದರೆ ಅಲ್ಲೊಂದು ಪುಟ್ಟ ಹೂವಿನ ಚಿತ್ರ ಕೂರಿಸುತ್ತಿದ್ದ. ಐದು ಎಸಳು, ಒಂದು ಎಲೆ.

ಒಂದು ಮಂಗಳವಾರ ಅವನ ಮುಂದೆ ಬಂದ ಕಥೆಯ ಮೇಲೆ ಅಕ್ಕನ ಹೆಸರಿತ್ತು. ಅಕ್ಕ ಬಟ್ಟೆ ಹೊಲಿಯುವವಳು. ಅಳತೆ ಪುಸ್ತಕ ಬಿಟ್ಟರೆ ಬೇರೆಲ್ಲೂ ಪೆನ್ನು ಊರಿದವಳಲ್ಲ. ಅವನಿಗೊಂದು ಮಾತೂ ಹೇಳದೆ ನೇರ ಸಂಪಾದಕಿಗೆ ಅಂಚೆಯಲ್ಲಿ ಕಳಿಸಿದ್ದಳು. ನನ್ನಕ್ಕನೂ ಕಥೆಗಾರ್ತಿಯಾದಳಲ್ಲ ಎಂದು ನಗುತ್ತಲೇ ಓದತೊಡಗಿದ. ಎರಡನೆಯ ಪ್ಯಾರಾಕ್ಕೆ ನಗು ಇಂಗಿಹೋಯಿತು.

ಅದು ಅವರಪ್ಪ ತೀರಿಕೊಂಡ ದಿನದ ಕಥೆ. ಹನ್ನೆರಡು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ಕಚೇರಿಗೇ ಫೋನು ಮಾಡಿ, ಅಪ್ಪ ನಿನ್ನನ್ನೇ ಕೇಳುತ್ತಿದ್ದಾರೆ, ಬಾ ಎಂದಿದ್ದಳು. ಸಂಚಿಕೆ ಮುಗಿಸಿ ಬರುತ್ತೇನೆ ಎಂದಿದ್ದ. ಮುಗಿಸಿ ಹೋಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಹೆಣದ ಮುಂದೆ ಚಿಕ್ಕಮ್ಮ, ಇದ್ದೊಬ್ಬ ಮಗನಿಗೆ ಒಂದು ಮಾತು ತಿಳಿಸೋದಲ್ವೇನೇ ಎಂದು ಅಕ್ಕನ ಮೇಲೆ ಹರಿಹಾಯ್ದಳು. ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡಿದ. ಅಂದಿನಿಂದ ನೆಂಟರ ಬಾಯಲ್ಲಿ ಅಕ್ಕ ಕಲ್ಲೆದೆಯವಳು. ಒಂದು ದಿನವೂ ಅವಳು ಅವನ ಗುಟ್ಟು ಬಿಟ್ಟುಕೊಡಲಿಲ್ಲ.

ಕಥೆ ಚಿಕ್ಕಮ್ಮನ ಆ ಪ್ರಶ್ನೆಗೆ ಬಂದು, ‘ಅವಳು ಸುಮ್ಮನೆ ನಿಂತಳು’ ಎನ್ನುವಲ್ಲಿಗೆ ತಲುಪಿತ್ತು. ಅದರ ಕೆಳಗೆ ಇನ್ನೊಂದೇ ಸಾಲು: ‘ತಿಳಿಸಿದ್ದಳು, ತಿಳಿದೂ ಬಾರದವನು ಪಕ್ಕದಲ್ಲೇ ನಿಂತಿದ್ದ.’

ಸಿದ್ಧಾಂತ ಆಪದ್ಬಾಂಧವನಂತೆ ಒದಗಿಬಂತು. ಸುಮ್ಮನೆ ನಿಂತಳು ಎನ್ನುವಲ್ಲೇ ಕಥೆ ಮುಗಿದಿದೆಯಲ್ಲ, ಮುಂದಿನದು ಬಾಗಿಲ ಹರಟೆ ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಸುಳ್ಳು ಎಂದು ಗೊತ್ತಿತ್ತು. ಅಷ್ಟು ವರ್ಷದಲ್ಲಿ ಅವನ ಕೈಗೆ ಬಂದ ಕೊನೆಯ ಸಾಲುಗಳಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆದರೂ ಬೆರಳು ನಿಲ್ಲಲಿಲ್ಲ. ಸಾಲು ಹೋಯಿತು.

ಪತ್ರಿಕೆ ಹೊರಬಿತ್ತು. ಆ ಮೌನದ ಮುಕ್ತಾಯವನ್ನು ಓದುಗರು ಹೊಗಳಿದ್ದೇ ಹೊಗಳಿದ್ದು. ಸಂಪಾದಕಿ ಅವನ ಮೇಜಿಗೇ ಬಂದು ಭೇಷ್ ಎಂದರು. ಮಧ್ಯಾಹ್ನ ಚಿಕ್ಕಮ್ಮನ ಫೋನು ಬಂತು.

“ಕೊನೆಗೂ ಬರೆದು ಒಪ್ಕೊಂಡ್ಳಲ್ಲಪ್ಪ ನಿಮ್ಮಕ್ಕ. ತಪ್ಪು ಮಾಡಿದವಳು ಇನ್ನೇನು ಉತ್ತರ ಕೊಟ್ಟಾಳು, ಸುಮ್ನೆ ನಿಂತ್ಲು. ಹೋಗ್ಲಿ ಬಿಡು, ನೀನೂ ಕ್ಷಮಿಸಿಬಿಡು.”

ಅವನಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ಅವನು ಬಾಯಿ ಬಿಡಲಿಲ್ಲ. ಸಂಜೆ ಎಲ್ಲ ಹೇಳಿಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಅಕ್ಕನ ಅಂಗಡಿಗೆ ಹೋದ.

ಅಕ್ಕ ಒಂದು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಸ್ಟೂಲು ತೋರಿಸಿದಳು. ಪತ್ರಿಕೆ ಮಿಷನ್ನಿನ ಪಕ್ಕದಲ್ಲೇ ಮಡಿಸಿಟ್ಟಿತ್ತು. ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು:

“ಕೊನೇ ಸಾಲಿಗೆ ಜಾಗ ಸಾಲಲಿಲ್ವೇನೋ?”

ಬೈದಿದ್ದರೆ ಬಹುಶಃ ಅವಳ ಕಾಲು ಹಿಡಿಯುತ್ತಿದ್ದ. ಇವಳು ನುಣುಚಿಕೊಳ್ಳಲು ದಾರಿಯನ್ನೇ ಮಾಡಿಕೊಟ್ಟಳು. ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಬಿಟ್ಟು ಆ ದಾರಿಯನ್ನೇ ಹಿಡಿದ.

“ಹೂಂ ಅಕ್ಕ. ಒಂದೇ ಒಂದು ಸಾಲಿಗೆ ಸಾಲಲಿಲ್ಲ.”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಪಕ್ಕಕ್ಕಿಟ್ಟಳು. ಪತ್ರಿಕೆ ಬಿಡಿಸಿ, ಕಥೆ ಮುಗಿದ ಕಡೆ ಬೆರಳಿಟ್ಟು ಅವನತ್ತ ತಿರುಗಿಸಿದಳು. ಎರಡು ಸಾಲು ಹಿಡಿಯುವಷ್ಟು ಜಾಗದಲ್ಲಿ ಐದು ಎಸಳು, ಒಂದು ಎಲೆ.

“ಹೂವು ಚೆನ್ನಾಗಿದೆ” ಎಂದಳು.