ಅಕ್ಕನ ಪಾಲಿನ ಮಗ್ಗ

ಜನಗಣತಿಯ ಕೋಷ್ಟಕಗಳೇ ನನ್ನ ಓದು ಎಂದಾಗ ನಮ್ಮಕ್ಕ ಬಿದ್ದು ಬಿದ್ದು ನಕ್ಕಿದ್ದಳು. "ಜನ ಎಣ್ಸೋಕೂ ಎಂ.ಎ. ಮಾಡ್ಬೇಕೇನೇ?"

ತೊಂಬತ್ತೊಂದರ ಗಣತಿಯ ಅಂಕಿಗಳನ್ನು ಇಟ್ಟುಕೊಂಡು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಂಗಸರ ಓದು, ದುಡಿಮೆ ಎಷ್ಟು ಮುಂದೆ ಬಂದಿದೆ ಎಂದು ನಾನೊಂದು ಪ್ರಬಂಧ ಬರೆಯಬೇಕಿತ್ತು. ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಕೂರುತ್ತಿದ್ದೆ. ಕೂರುತ್ತಿದ್ದೆ ಅನ್ನುವುದು ಹೆಸರಿಗೆ. ಕೋಷ್ಟಕದಲ್ಲಿ ನಮ್ಮ ಊರಿನ ಸಾಲಿಗೆ ಬಂದರೆ ಮೈಯೆಲ್ಲ ಉರಿದು ಎದ್ದು ಓಡಾಡುತ್ತಿದ್ದೆ. ಮನೆಮನೆಯಲ್ಲೂ ಪವರ್‌ಲೂಮ್ ಸದ್ದು ಮಾಡುವ ಊರಲ್ಲಿ ಇಷ್ಟೊಂದು ಹೆಂಗಸರು ಕೆಲಸ ಮಾಡದವರಂತೆ! ಹಾಗಾದರೆ ಕಂಡಿಕೆಗೆ ನೂಲು ಸುತ್ತುವವರು ಯಾರು, ಹರಿದ ಎಳೆ ಹುಡುಕಿ ಗಂಟು ಹಾಕುವವರು ಯಾರು?

ಆ ಲೆಕ್ಕ ಹೇಗೆ ಬಂತೆಂದು ನನಗೆ ಗೊತ್ತಿತ್ತು. ಗಣತಿಯ ಮೇಷ್ಟ್ರು ಅಕ್ಕನ ಮನೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಮನೆಯ ಮಗ್ಗದಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದರೂ ಹೇಳಿ ಎಂದು ಅವರು ಸರಿಯಾಗಿಯೇ ಕೇಳಿದರು. ಭಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ನಮ್ಮಲ್ಲಿ ಹೆಂಗಸ್ರು ಮನೇಲಿರ್ತಾರೆ ಸಾರ್" ಎಂದರು. ಕಾಫಿ ತಂದ ಅಕ್ಕನ ಸೆರಗಿಗೆ ರೇಷ್ಮೆ ಎಳೆಗಳು ಅಂಟಿಕೊಂಡಿದ್ದವು.

ಭಾವನಿಗೆ ಆಗಲೇ ದಮ್ಮು. ಮಗ್ಗದ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಕರೆಂಟ್ ಬಂದಾಗೆಲ್ಲ ಒಲೆ ಆರಿಸಿ ಓಡಿಹೋಗಿ ಸೀರೆ ನೇಯುತ್ತಿದ್ದವಳು ಅಕ್ಕ. ಅದನ್ನು ಮಡಿಚಿ ಸಾಹುಕಾರರ ಅಂಗಡಿಗೆ ಒಯ್ಯುತ್ತಿದ್ದವರು ಮಾತ್ರ ಭಾವ. ಹೆಂಡತಿಯ ದುಡಿಮೆ ತಿನ್ನುವವನು ಅನ್ನಿಸಿಕೊಂಡರೆ ನಮ್ಮ ಕೇರಿಯಲ್ಲಿ ಗಂಡಸು ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಅಕ್ಕ ಹೊರಗೆ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ನನ್ನ ಪ್ರಬಂಧ ಅರ್ಧಕ್ಕೆ ಬಂದಾಗ ಭಾವ ತೀರಿಕೊಂಡರು. ನೆಲಮಂಗಲದ ಲಾರಿ ಆಫೀಸೊಂದರಲ್ಲಿದ್ದ ಅವರ ತಮ್ಮ, ತಂದೆಯ ಕಾಲದಿಂದ ಪಾಲಾಗದೆ ಉಳಿದಿದ್ದ ಮನೆಯ ಎರಡೂ ಮಗ್ಗ ಮಾರಿಬಿಡೋಣ ಎಂದು ಶುರುಮಾಡಿದ. ಅತ್ತಿಗೆಗೂ ಅವರ ಪುಟ್ಟ ಮಗುವಿಗೂ ತಿಂಗಳಿಗೆ ಬೇಕಾದ ಅಕ್ಕಿಬೇಳೆ ತಾನೇ ಹಾಕಿಸುತ್ತಾನಂತೆ. "ಅತ್ತಿಗೆ ಮಗ್ಗ ಇಟ್ಕೊಂಡು ಏನ್ಮಾಡ್ತಾರೆ? ಅವ್ರೇನು ನೇಯ್ತಾರಾ?"

ನಾನು ಕುದ್ದುಹೋದೆ. ಜನಗಣತಿಯಲ್ಲಿ ಹೆಂಗಸರ ಪರವಾಗಿ ಉತ್ತರ ಕೊಡುವವರು ಯಾರು ಅನ್ನುವುದನ್ನೂ ಬರೆಯುತ್ತೇನೆ ಎಂದು ಗೈಡ್ ಹತ್ತಿರ ವಾದಕ್ಕಿಳಿದೆ. ಅವರು ಕನ್ನಡಕ ತೆಗೆದಿಟ್ಟು, "ನಿಮ್ಮನೆ ಜಗಳನೆಲ್ಲ ಪ್ರಬಂಧಕ್ಕೆ ತರ್ಬೇಡಮ್ಮ" ಎಂದರು. ಬಸ್ಸು ಯಲಹಂಕ ದಾಟುವವರೆಗೂ ಮನಸ್ಸಿನಲ್ಲೇ ಅವರೊಂದಿಗೆ ಜಗಳವಾಡಿದೆ. ಊರಿಗೆ ಬಂದು ಅಕ್ಕನ ತಲೆ ತಿಂದೆ.

"ಭಾನುವಾರ ನ್ಯಾಯಕ್ಕೆ ಸೇರ್ತಾರಲ್ಲ, ಆ ಹಿರೀಕರ ಮುಂದೆ ಒಂದು ಮಾತು ಹೇಳ್ಬಿಡೇ, ನಾನೇ ನೇಯ್ತಿದ್ದೆ ಅಂತ."

"ನಿಂಗೆ ನಿನ್ನ ಓದಿಂದೇ ಆತುರ," ಎಂದಳು ಅಕ್ಕ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೇರಿಯ ಹಿರಿಯರು ಅಕ್ಕನ ಮನೆಯ ಜಗಲಿಯಲ್ಲಿ ಸೇರಿದರು. ಮೈದುನ ಹೇಳುವುದನ್ನೆಲ್ಲ ಹೇಳಿದ ಮೇಲೆ, ಅವರಲ್ಲಿ ವಯಸ್ಸಾದವರೊಬ್ಬರು ಅಕ್ಕನ ಕಡೆ ತಿರುಗಿದರು. "ನೀನೇ ಹೇಳಮ್ಮಾ. ನಿಂಗೆ ಮಗ್ಗ ಬಿಟ್ಕೊಟ್ರೆ ನೇಯೋರು ಯಾರು?"

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಕೂಗಿಬಿಡುವುದರಲ್ಲಿದ್ದೆ.

"ನಾನೇ ನೇಯ್ತೀನಿ," ಎಂದಳು. "ಅವ್ರಿದ್ದಾಗ್ಲೂ ನಾನೇ ನೇಯ್ತಿದ್ದೆ. ಅವ್ರ ಕೈಲಿ ಆಗ್ತಿರ್ಲಿಲ್ಲ."

ಮೈದುನ ತಲೆ ತಗ್ಗಿಸಿದ. "ಅಯ್ಯೋ, ನಾವು ಅವ್ನೇ ನೇಯ್ತಾನೆ ಅಂದ್ಕೊಂಡಿದ್ವಲ್ಲ" ಎಂದು ಯಾರೋ ಗೊಣಗಿದರು. ಒಂದು ಮಗ್ಗ ಅಕ್ಕನಿಗೆ, ಇನ್ನೊಂದು ಮೈದುನನಿಗೆ ಎಂದು ತೀರ್ಮಾನವಾಯಿತು.

ಖುಷಿ ತಡೆಯಲಾರದೆ ನಾನು ಒಳಗೆ ಓಡಿದೆ. ಅಷ್ಟರಲ್ಲೇ ಒಳಗೆ ಹೋಗಿದ್ದ ಅಕ್ಕ ಮಗ್ಗದ ಪಕ್ಕ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು.

"ಮಗ್ಗ ಸಿಕ್ತಲ್ಲೇ, ಯಾಕಳ್ತೀಯ?"

"ಎಲ್ರ ಮುಂದೆ ಅವ್ರ ಮಾನ ಕಳೆದ್ಬಿಟ್ಟೆ ಕಣೇ," ಎಂದಳು. "ಅವ್ರಿದ್ದಿದ್ರೆ, ಇವ್ಳು ಸುಳ್ಳು ಹೇಳ್ತಾಳೆ ಅಂತಾದ್ರೂ ಅನ್ನೋರು. ಅನ್ನೋಕೂ ಅವ್ರಿಲ್ವಲ್ಲ."