ಪ್ರಿನ್ಸೆಸ್ ಮನೆಯ ಮೊಳೆ

ಕಳೆದ ತಿಂಗಳು ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಣ್ಣ ಹೊಡೆಸಿದೆವು. ಪೇಂಟರ್ ಬಾಗಿಲಿನ ಬಣ್ಣಕ್ಕೆ ಟರ್ಪೆಂಟೈನ್ ಸುರಿದದ್ದೇ ತಡ, ದೇವರ ಮುಂದೆ ಹೂಬತ್ತಿ ಹೊಸೆಯುತ್ತ ಕೂತಿದ್ದ ಅಮ್ಮ ತಲೆಯೆತ್ತಿ, "ಪ್ರಿನ್ಸೆಸ್ ಮನೆ ವಾಸನೆ ಕಣೇ" ಎಂದಳು. ನನಗೂ ಅದೇ ನೆನಪಾಗಿತ್ತು. ಎಣ್ಣೆಬಣ್ಣ, ಟರ್ಪೆಂಟೈನ್, ಒದ್ದೆ ನಾಯಿಯ ಮೈ, ಹಿತ್ತಲಲ್ಲಿ ಸುಡುವ ನೀಲಗಿರಿ ಎಲೆಯ ಹೊಗೆ, ಇಷ್ಟೂ ಸೇರಿದರೆ ಅದು ನನ್ನ ಬಾಲ್ಯದ ವಾಸನೆ. ಆ ಮನೆ ಈಗ ಇಲ್ಲ. ಲ್ಯಾವಿಂಗ್ಟನ್ ಬಡಾವಣೆಯ ಆ ಜಾಗಕ್ಕೆ ತಗಡಿನ ಬೇಲಿ ಹಾಕಿದ್ದಾರೆ, ಒಳಗೆ ಅಪಾರ್ಟ್‌ಮೆಂಟ್ ಏಳಲಿದೆಯಂತೆ. ಬಾಲ್ಯದ ಮನೆ ಕಳೆದುಕೊಂಡವರಿಗೆಲ್ಲ ಅದರ ಮೇಲೆ ಪ್ರೀತಿ ಉಕ್ಕುತ್ತದೆ. ನಿಮಗೂ ಅಂಥ ಒಂದು ಮನೆ ಇದ್ದರೆ ಗೊತ್ತಿರುತ್ತದೆ. ನನಗೆ ಪ್ರೀತಿಯ ಜೊತೆಗೆ ಸಿಟ್ಟೂ ಉಕ್ಕುತ್ತದೆ, ಎರಡನ್ನೂ ಬೇರೆ ಮಾಡಲು ನಾನು ಇಷ್ಟು ವರ್ಷ ಪ್ರಯತ್ನಿಸಿ ಬಿಟ್ಟಿದ್ದೇನೆ.

ಇಲ್ಲಿನ ಔಷಧಿ ಕಾರ್ಖಾನೆಯೊಂದಕ್ಕೆ ಅಪ್ಪ ಮೈಸೂರಿನಿಂದ ಕಡಲು ದಾಟಿ ಮ್ಯಾನೇಜರಾಗಿ ಬಂದಾಗ ನಾನಿನ್ನೂ ಚಿಕ್ಕವಳು. ಪ್ರಿನ್ಸೆಸ್ ತನ್ನ ಕಾಂಪೌಂಡಿನ ಹಿಂದಿದ್ದ ಪುಟ್ಟ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟಳು. ಕೊಟ್ಟಳು ಎನ್ನುತ್ತೇನೆ, ಅಮ್ಮ ಇವತ್ತಿಗೂ "ಕೊಟ್ಟರು" ಎನ್ನುತ್ತಾಳೆ. ಅವಳು ಹೆಸರಿಗಷ್ಟೇ ಪ್ರಿನ್ಸೆಸ್ ಅಲ್ಲ, ಯೂರೋಪಿನ ಒಂದು ಸಣ್ಣ ರಾಜ್ಯದ ನಿಜವಾದ ರಾಜಕುಮಾರಿ. ರಾಜ್ಯ ಭೂಪಟದಿಂದ ಅಳಿಸಿಹೋಗಿತ್ತು, ಠೀವಿ ಅಳಿಸಿರಲಿಲ್ಲ. ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ನಾಯಿಗಳ ಮೈ ಬಾಚುತ್ತಿದ್ದ. ಅವಳು ಒಮ್ಮೆ ಕೆಮ್ಮಿದರೆ ನಾಯಿಗಳೂ ಅವನೂ ಒಟ್ಟಿಗೇ ಎದ್ದು ಹೊರಗೆ ಹೋಗುತ್ತಿದ್ದರು. ಅವರಿಗೊಬ್ಬಳೇ ಮಗಳು, ಇಲ್ಸೆ, ನನ್ನ ವಾರಿಗೆಯವಳು. ಬಿಳಿಚಿಕೊಂಡ, ಉಗುರು ಕಚ್ಚುವ ಹುಡುಗಿ. ಅಮ್ಮನ ಬಾಯಲ್ಲಿ ಅವಳು ಇಲ್ಸಮ್ಮ ಆದಳು, ನಮ್ಮ ಅಡುಗೆಮನೆಯಲ್ಲೇ ಬೆಳೆದಳು. ಉಪ್ಪಿಟ್ಟಿನ ತಳ ಸೀದದ್ದನ್ನು ಕೆರೆದು ತಿನ್ನಲು ನಾವಿಬ್ಬರೂ ಜಗಳವಾಡುತ್ತಿದ್ದೆವು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. "ಸಾಕು ಆಂಟಿ", "ಇನ್ನೊಂಚೂರು ಆಂಟಿ" ಎನ್ನುವಷ್ಟು ಬರುತ್ತಲೂ ಇತ್ತು.

ಪ್ರಿನ್ಸೆಸ್ಸಿಗೆ ಚಿತ್ರಕಲೆಯ ಹುಚ್ಚು. ಶನಿವಾರ ಮಧ್ಯಾಹ್ನ ಊರಿನ ಎಳೆಯ ಕಲಾವಿದರೆಲ್ಲ ಚಿತ್ರ ಹೊತ್ತುಕೊಂಡು ಅವಳ ವರಾಂಡಕ್ಕೆ ಬರುತ್ತಿದ್ದರು. ಮಟಾಟು ಎನ್ನುವ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ನಿಂತುಕೊಂಡು, ಕ್ಯಾನ್ವಾಸನ್ನು ತಲೆಯ ಮೇಲೆ ಎತ್ತಿ ಹಿಡಿದು ಬಂದವರೂ ಇದ್ದರು. ಅವಳು ಬೆತ್ತದ ಕುರ್ಚಿಯಲ್ಲಿ ಕೂತು, ಎಡಗಣ್ಣು ಮುಚ್ಚಿ, ಒಂದೊಂದನ್ನೇ ನೋಡುತ್ತಿದ್ದಳು. ಬರೆದವರು ಯಾರೆಂದು ಯಾರೂ ಮೊದಲೇ ಹೇಳುವಂತಿರಲಿಲ್ಲ. "ನನಗೆ ಹೆಸರು ಬೇಡ, ಚಿತ್ರ ಸಾಕು" ಎನ್ನುವುದು ಅವಳ ಹೆಮ್ಮೆ. ಒಪ್ಪಿದ ಚಿತ್ರ ಮನೆಯ ಗೋಡೆಗೆ ಏರುತ್ತಿತ್ತು. ಅಲ್ಲಿ ಏರಿದ ಚಿತ್ರವನ್ನು ರಾಯಭಾರ ಕಚೇರಿಗಳ ದೊಡ್ಡವರು ಬಂದು ಕೊಳ್ಳುತ್ತಿದ್ದರು, ಬರೆದವನ ಬದುಕೇ ಬದಲಾಗುತ್ತಿತ್ತು. ಒಪ್ಪದ್ದನ್ನು ತೋಟದ ಮಾಲಿ ಮ್ವಾಂಗಿ ಹಿತ್ತಲಿಗೆ ಒಯ್ದು ನೀಲಗಿರಿ ಎಲೆಯ ಜೊತೆ ಸುಡಬೇಕಿತ್ತು. ಕೆಟ್ಟ ಚಿತ್ರ ಉಳಿಯುವುದು ಒಳ್ಳೆಯ ಚಿತ್ರಕ್ಕೆ ಅವಮಾನ ಎನ್ನುತ್ತಿದ್ದಳು. ಸುಟ್ಟರೂ ಅವರು ಮುಂದಿನ ಶನಿವಾರ ಮತ್ತೆ ಬರುತ್ತಿದ್ದರು, ಅವಳ ಸೂಪು ಕುಡಿದು, ಅವಳು ಕೊಡಿಸಿದ ಬಣ್ಣ ಒಯ್ಯುತ್ತಿದ್ದರು. ಅನ್ಯಾಯವಾಗಿ ಹೇಳಬಾರದು, ಕೈ ದೊಡ್ಡದು ಅವಳದು. ಇವತ್ತಿಗೂ ಅವಳ ಹೆಸರೆತ್ತಿದರೆ ಕೈ ಮುಗಿಯುವ ಕಲಾವಿದರು ಈ ಊರಿನಲ್ಲಿದ್ದಾರೆ. ಕೈ ಮುಗಿಯಲಿ, ಅವರು ಅವಳ ಮಕ್ಕಳಾಗಿರಲಿಲ್ಲವಲ್ಲ.

ಇಲ್ಸೆ ಚಿತ್ರ ಬರೆಯುತ್ತಿದ್ದಳು. ಒಂದು ಶನಿವಾರ ಧೈರ್ಯ ಮಾಡಿ ತನ್ನದನ್ನೂ ರಾಶಿಯಲ್ಲಿ ಸೇರಿಸಿದಳು. ತಾಯಿಯ ಮೇಜಿನ ಕಾಗದವನ್ನೇ ಬಳಸಿದ್ದರಿಂದ ತಾಯಿಗೆ ಗುರುತು ಸಿಕ್ಕಿತು. ಪ್ರಿನ್ಸೆಸ್ ಎಡಗಣ್ಣು ಮುಚ್ಚುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ನಮ್ಮ ಮನೆತನದವರು ಚಿತ್ರ ಬರೆಯುವುದಿಲ್ಲ, ಬರೆಸುತ್ತೇವೆ" ಎಂದು ಎಲ್ಲರೆದುರು ಹೇಳಿ ಮ್ವಾಂಗಿಯ ಕೈಗೆ ಕೊಟ್ಟಳು. ಕಲಾವಿದರು ನಕ್ಕರು, ನಗದಿದ್ದರೆ ಅವರ ಚಿತ್ರದ ಗತಿಯೇನು? ಅಂದಿನಿಂದ ಇಲ್ಸೆ ನಮ್ಮ ಅಡುಗೆಮನೆಯ ನೆಲದ ಮೇಲೆ, ಅಮ್ಮ ಹಾಸಿಕೊಟ್ಟ ಹಳೆಯ ಗೋಣಿಯ ಮೇಲೆ ಕೂತು ಬರೆಯತೊಡಗಿದಳು.

ಅಲ್ಲಿ ಬರೆದದ್ದೇ ಆ ಚಿತ್ರ. ನಮ್ಮ ಹಿತ್ತಲಿನ ತಂತಿಯ ಮೇಲೆ ಅಮ್ಮನ ಅರಿಶಿನ ಬಣ್ಣದ ಸೀರೆ ಹರವಿದೆ, ಗಾಳಿಗೆ ಉಬ್ಬಿದೆ. ಅದರ ಹಿಂದಿನಿಂದ ಬಟ್ಟೆ ಹಿಂಡುವ ಎರಡು ಕೈ ಮಾತ್ರ ಕಾಣುತ್ತವೆ, ಬಳೆಗಳ ಸಮೇತ. ಸೀರೆಯ ನೆರಳಿನಲ್ಲಿ ಒಬ್ಬ ಬಿಳಿಯ ಹುಡುಗಿ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ, ಗುರುತೇ ಸಿಗದಷ್ಟು ಚಿಕ್ಕದಾಗಿ. ಅದನ್ನು ನನ್ನ ಹೆಸರಿನಲ್ಲಿ ಶನಿವಾರದ ರಾಶಿಗೆ ಸೇರಿಸೋಣವೆಂದು ಇಲ್ಸೆಯೇ ಹೇಳಿದಳು. ಪ್ರಿನ್ಸೆಸ್ ಅದನ್ನು ಕೈಗೆತ್ತಿಕೊಂಡು ಎಡಗಣ್ಣು ಮುಚ್ಚಿ ನೋಡಿದಳು. ಆಮೇಲೆ ನಾವು ಎಂದೂ ನೋಡದ ಹಾಗೆ ಕುರ್ಚಿಯಿಂದ ಎದ್ದು ನಿಂತು, "ಯಾರದು ಇದು?" ಎಂದಳು. ಇಲ್ಸೆ ನನ್ನ ಬೆನ್ನು ತಳ್ಳಿದಳು. ಪ್ರಿನ್ಸೆಸ್ ಬಾಗಿ ನನ್ನ ಹಣೆಗೆ ಮುತ್ತಿಟ್ಟಳು. "ಈ ಚಿತ್ರಕ್ಕೆ ಆತ್ಮವಿದೆ. ನೋಡು ಇಲ್ಸೆ, ಕಣ್ಣಿದ್ದರೆ ಹೀಗಿರಬೇಕು" ಎಂದಳು. ಇಲ್ಸೆ ನೋಡಿದಳು, ಚಿತ್ರವನ್ನಲ್ಲ, ತಾಯಿಯ ಮುಖವನ್ನು.

ಚಿತ್ರ ಊಟದ ಕೋಣೆಗೆ ಹೋಯಿತು, ಪ್ರಿನ್ಸೆಸ್ಸಿನ ಕುರ್ಚಿಗೆ ನೇರ ಎದುರಿನ ಗೋಡೆಗೆ. ಆ ದಿನಗಳಲ್ಲಿ ಇಲ್ಸೆ ಉಗುರು ಕಚ್ಚುವುದನ್ನು ಬಿಟ್ಟಳು. ಬೆಳಿಗ್ಗೆ ಓಡಿ ಬಂದು ವರದಿ ಒಪ್ಪಿಸುತ್ತಿದ್ದಳು: ಇವತ್ತು ಚಹಾ ಕುಡಿಯುವ ಮೊದಲೇ ನೋಡಿದಳು, ಇವತ್ತು ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿ ನೋಡಿದಳು, ಇವತ್ತು ನೋಡಿ ನಕ್ಕಳು. ನನಗೆಂದು ಪ್ರಿನ್ಸೆಸ್ ತರಿಸಿದ ಬಣ್ಣದ ಪೆಟ್ಟಿಗೆ ನಮ್ಮ ಅಡುಗೆಮನೆಯಲ್ಲಿ ಇಲ್ಸೆಯ ಕೈ ಸೇರಿತು.

ಕಡೆಗೊಂದು ದಿನ ಪ್ರಿನ್ಸೆಸ್ ನಮ್ಮ ಮನೆಗೇ ಬಂದಳು. ನಿಮ್ಮ ಮಗಳನ್ನು ಚಿತ್ರ ಕಲಿಯಲು ನನ್ನ ಖರ್ಚಿನಲ್ಲಿ ಯೂರೋಪಿಗೆ ಕಳಿಸುತ್ತೇನೆ ಎಂದಳು. ಆ ಚಿತ್ರ ಯಾರ ಕೈಯಿಂದ ಹುಟ್ಟಿತೆಂದು ಅಮ್ಮನಿಗೆ ಗೊತ್ತಿತ್ತು, ಮಕ್ಕಳಾಟವೆಂದು ಸುಮ್ಮನಿದ್ದಳು. ಈಗ ಸುಮ್ಮನಿರುವಂತಿರಲಿಲ್ಲ. ಅವಳ ಸಂಕಟ ನನಗಿಂತ ಹೆಚ್ಚಾಗಿ ಇಲ್ಸೆಯ ಬಗ್ಗೆ ಇತ್ತು. ಇಷ್ಟು ದೊಡ್ಡ ಸಂತೋಷ ಹೆತ್ತ ತಾಯಿಗೆ ಗೊತ್ತಿಲ್ಲದೆ ಹೋಗುವುದೇ? ಮಾರನೆಯ ದಿನ ಮೈಸೂರುಪಾಕು ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ರೇಷ್ಮೆ ಸೀರೆ ಉಟ್ಟು ಹೊರಟಳು. ಇಲ್ಸೆ ಸೆರಗು ಹಿಡಿದುಕೊಂಡು, "ಬೇಡ ಆಂಟಿ, ಬೇಡ" ಎಂದು ಅಂಗಳದುದ್ದಕ್ಕೂ ಹಿಂದೆ ಬಂದಳು. ಅಮ್ಮ ಅವಳ ಕೆನ್ನೆ ಹಿಂಡಿ, "ಸುಮ್ನಿರು ಪುಟ್ಟಿ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನೀನೇನು ಹೆಗ್ಗಣಾನಾ, ಬಂಗಾರ ನೀನು" ಎಂದಳು. ಆ ಅಂಗಳ ದಾಟುವಾಗ ಅಮ್ಮನ ಮುಖದಲ್ಲಿದ್ದ ಸಡಗರವನ್ನು ನಾನು ಈಗಲೂ ಮರೆತಿಲ್ಲ.

ಪ್ರಿನ್ಸೆಸ್ ಅಮ್ಮನ ಮುರುಕು ಇಂಗ್ಲಿಷನ್ನು ಪೂರ್ತಿ ಕೇಳಿದಳು. ಒಂದು ಚೂರು ಮೈಸೂರುಪಾಕು ಬಾಯಿಗೆ ಹಾಕಿಕೊಂಡಳು. ಎದ್ದು ಹೋಗಿ ಚಿತ್ರದ ಮುಂದೆ ನಿಂತಳು. ಆ ಪುಟ್ಟ ಬಿಳಿಯ ಹುಡುಗಿಯನ್ನು ಅವಳು ನೋಡಿದ್ದು ಅವತ್ತೇ ಇರಬೇಕು. ಆ ಹುಡುಗಿ ಯಾವ ತಾಯಿಯ ನೆರಳಲ್ಲಿ ಕೂತಿದ್ದಾಳೆ ಎನ್ನುವುದನ್ನೂ. ತಿರುಗಿದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. "ಕೈ ಪರವಾಗಿಲ್ಲ. ಆತ್ಮವಿಲ್ಲ" ಎಂದಳು. ಮೊಳೆಯಿಂದ ತಾನೇ ಚಿತ್ರ ಇಳಿಸಿ ಮ್ವಾಂಗಿಯನ್ನು ಕರೆದಳು. ಅಮ್ಮ "ನೋ ಮೇಡಂ, ನೋ ಮೇಡಂ" ಎನ್ನುತ್ತ ಅಡ್ಡ ಹೋದಳು. ಪ್ರಿನ್ಸೆಸ್ ಅಮ್ಮನ ಕೈ ಹಿಡಿದು ಬಹಳ ಮರ್ಯಾದೆಯಿಂದ ಹೇಳಿದಳು: "ನಿಮಗೆ ನಾನು ಋಣಿ. ಜನರೆದುರು ನಗೆಪಾಟಲಾಗುವುದನ್ನು ತಪ್ಪಿಸಿದಿರಿ." ಹಿತ್ತಲಲ್ಲಿ ಮ್ವಾಂಗಿ ಇಲ್ಸೆಗೆ "ಪೋಲೆ, ಪೋಲೆ ಸಾನಾ" ಎಂದು ಕ್ಷಮೆ ಕೇಳುತ್ತಲೇ ಬೆಂಕಿ ಹಚ್ಚಿದ. ಎಣ್ಣೆಬಣ್ಣ ಬೇಗ ಹತ್ತಿಕೊಳ್ಳುತ್ತದೆ. ಇಲ್ಸೆ ಅಳಲಿಲ್ಲ. ಅರಿಶಿನ ಬಣ್ಣದ ಸೀರೆ ಕಪ್ಪಾಗಿ ಮುರುಟುವವರೆಗೂ ಹೊಗೆಯಲ್ಲೇ ನಿಂತಿದ್ದು, ಆಮೇಲೆ ಉಗುರು ಕಚ್ಚತೊಡಗಿದಳು. ಸಂಜೆ ಅಡುಗೆಯವನು ನಮ್ಮ ಡಬ್ಬಿ ತಂದುಕೊಟ್ಟ. ಒಂದೇ ಒಂದು ಚೂರು ಕಡಿಮೆಯಾಗಿತ್ತು.

ಆ ವರ್ಷವೇ ಇಲ್ಸೆಯನ್ನು ಯೂರೋಪಿನ ಹಾಸ್ಟೆಲ್ ಶಾಲೆಗೆ ಕಳಿಸಿದರು, ನಾವು ಮನೆ ಬದಲಾಯಿಸಿದೆವು. ಅವಳ ತಂದೆ ತೀರಿಕೊಂಡಾಗಲೂ ಅವಳು ಬರಲಿಲ್ಲ ಎಂದು ಕೇಳಿದ್ದೆ. ಅಮ್ಮ ಮತ್ತೆಂದೂ ಮೈಸೂರುಪಾಕು ಮಾಡಲಿಲ್ಲ, ಆ ಗಾದೆಯನ್ನೂ ಆಡಲಿಲ್ಲ. ನನ್ನ ಮಗ ಗೋಡೆಯ ಮೇಲೆಲ್ಲ ಗೀಚಿದಾಗ ನಾನು ರೇಗಿದರೆ ಅಮ್ಮ ನನ್ನನ್ನೇ ಗದರಿಸುತ್ತಿದ್ದಳು.

ಪ್ರಿನ್ಸೆಸ್ ಹೋದ ವರ್ಷ ಸತ್ತಳು. ಮನೆ ಕೆಡವುವ ಮೊದಲು ಸಾಮಾನುಗಳ ಮಾರಾಟ ನಡೆಯಿತು, ಅಮ್ಮ ಹಟಮಾಡಿ ನನ್ನನ್ನು ಕರೆದುಕೊಂಡು ಹೋದಳು. ಗೋಡೆಯ ಚಿತ್ರಗಳಿಗೆ ದೊಡ್ಡ ಮನುಷ್ಯರು ಮುಗಿಬಿದ್ದಿದ್ದರು. ಊಟದ ಕೋಣೆಯಲ್ಲಿ ಆ ಮೊಳೆ ಹಾಗೇ ಇತ್ತು. ಅಷ್ಟು ವರ್ಷಗಳಲ್ಲಿ ಅದಕ್ಕೆ ಬೇರೆ ಚಿತ್ರ ಹಾಕಲು ಮೆಮ್‌ಸಾಬ್ ಬಿಡಲಿಲ್ಲ ಎಂದು ಮುದುಕನಾಗಿದ್ದ ಮ್ವಾಂಗಿ ಹೇಳಿದ. ಅದನ್ನು ಪಶ್ಚಾತ್ತಾಪ ಎನ್ನುವವರು ಎನ್ನಲಿ, ನಾನು ಅಷ್ಟು ಉದಾರಿಯಲ್ಲ. ಮೊಳೆಯ ಎದುರು ಕುರ್ಚಿಯಲ್ಲಿ ಒಬ್ಬ ನರೆತ ಕೂದಲಿನ ಹೆಂಗಸು ಕೂತಿದ್ದಳು. ಅವಳ ಉಗುರು ನೋಡಿಯೇ ಅಮ್ಮ "ಇಲ್ಸಮ್ಮ" ಎಂದಳು.

ಇಲ್ಸೆ ಎದ್ದು ಅಮ್ಮನನ್ನು ತಬ್ಬಿಕೊಂಡಳು. ಈಗಲೂ ಚಿತ್ರ ಬರೆಯುತ್ತೀಯಾ ಎಂದು ಅಮ್ಮ ಕೇಳಿದಳು. ಇಲ್ಸೆ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅಮ್ಮನ ಕೈ ಬಿಡದೆ, "ಯಾಕೆ ಹೇಳಿದಿರಿ ಆಂಟಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೈಯುವ ದನಿಯಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. "ನನಗೆ ಹೆಸರು ಬೇಕಿರಲಿಲ್ಲ" ಎಂದಳು ಇಲ್ಸೆ. "ಯಾರ ಹೆಸರಿನಲ್ಲಾದರೂ ಇರಲಿ, ದಿನಾ ಬೆಳಿಗ್ಗೆ ಅವಳು ಅದನ್ನು ನೋಡುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು."

ಮನೆಗೆ ಬರುವಾಗ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡೆವು. ಮುಂದಿದ್ದ ಮಟಾಟು ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕಿತ್ತು. ಅಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. "ನಾನು ಅವರನ್ನ ತಾಯಿ ಅಂದ್ಕೊಂಡ್ಬಿಟ್ಟೆ ಕಣೇ" ಎಂದಳು. ಮನೆಯ ಗೇಟು ಬಂದ ಮೇಲೆ, ಇಳಿಯದೆ ಕೂತೇ, ಇನ್ನೊಂದು ಮಾತು ಹೇಳಿದಳು.

"ಆ ಹುಡುಗೀನ ಊಟ ಮಾಡ್ಕೊಂಡು ಹೋಗು ಅಂತಾನೂ ಕರೀಲಿಲ್ಲ ನಾನು."